ಗ್ರಾಹಕರೇ ವಿದ್ಯುತ್ ಉತ್ಪಾದಕರು: ಛಾವಣಿ ಸೌರ ವಿದ್ಯುತ್ತಿನ ಕಾನೂನುಬದ್ಧ ಹಕ್ಕುಗಳು

(ಗ್ರಾಮ ಪಂಚಾಯತ್ ಸದಸ್ಯರಿಗಾಗಿ ಅಧ್ಯಯನ ಪಾಠ)

ಪಾಠದ ಉದ್ದೇಶ

ಈ ಪಾಠದ ಅಧ್ಯಯನದ ನಂತರ ಸದಸ್ಯರು ಈ ಕೆಳಗಿನ ವಿಷಯಗಳಲ್ಲಿ ಗ್ರಾಮಸ್ಥರಿಗೆ ಖಚಿತವಾದ ಮಾರ್ಗದರ್ಶನ ನೀಡಲು ಶಕ್ತರಾಗಬೇಕು.

1. ತನ್ನ ಛಾವಣಿಯ ಮೇಲೆ ವಿದ್ಯುತ್ ಉತ್ಪಾದಿಸುವ ಹಕ್ಕು ಗ್ರಾಹಕನಿಗೆ ಯಾವ ಕಾನೂನಿನಿಂದ ಬಂದಿದೆ, ಅದರ ಮಿತಿಗಳೇನು.
2. ಅರ್ಜಿ ಸಲ್ಲಿಸಿದ ದಿನದಿಂದ ಮೀಟರ್ ಅಳವಡಿಕೆಯವರೆಗೆ ಯಾವ ಹಂತಕ್ಕೆ ಎಷ್ಟು ದಿನಗಳ ಕಾಲಮಿತಿ ಇದೆ, ಅದು ಮೀರಿದರೆ ಪರಿಹಾರವೇನು.
3. ಈ ವಿಷಯದಲ್ಲಿ ಗ್ರಾಮ ಪಂಚಾಯತ್ ನಿರ್ವಹಿಸಬೇಕಾದ ಪಾತ್ರವೇನು.

1. ಪೀಠಿಕೆ

ಉಡುಪಿ ಜಿಲ್ಲೆಗೆ ವಿದ್ಯುತ್ ಉತ್ಪಾದನೆ ಹೊಸ ವಿಷಯವಲ್ಲ. ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರದ ಸ್ಥಾಪಿತ ಸಾಮರ್ಥ್ಯ 460 ಮೆಗಾವ್ಯಾಟ್. ಎಲ್ಲೂರಿನ ಕಲ್ಲಿದ್ದಲು ಆಧಾರಿತ ಸ್ಥಾವರದ ಸಾಮರ್ಥ್ಯ 1,200 ಮೆಗಾವ್ಯಾಟ್. ಇಂತಹ ದೊಡ್ಡ ಸ್ಥಾವರಗಳಿಂದ ಹೊರಟ ವಿದ್ಯುತ್ ತಂತಿಯ ಮೂಲಕ ಮನೆಗೆ ಬರುತ್ತದೆ, ಮನೆಯವರು ಬಿಲ್ ಪಾವತಿಸುತ್ತಾರೆ. ದೀರ್ಘಕಾಲ ಗ್ರಾಹಕನ ಸ್ಥಾನ ಇಷ್ಟಕ್ಕೇ ಸೀಮಿತವಾಗಿತ್ತು.

ಇಂದು ಅದೇ ತಂತಿಯ ಮೂಲಕ ಮನೆಯಿಂದ ಹೊರಕ್ಕೂ ವಿದ್ಯುತ್ ಹರಿಯುವುದಕ್ಕೆ ಕಾನೂನು ಅವಕಾಶ ನೀಡಿದೆ. ಆದರೆ ಸಾಸ್ತಾನ, ಪಾಂಡೇಶ್ವರ, ಕೋಡಿ, ಹಂಗಾರಕಟ್ಟೆಯಂತಹ ಊರುಗಳ ಗ್ರಾಮಸ್ಥರು ಸದಸ್ಯರ ಮುಂದೆ ಇಡಬಹುದಾದ ಪ್ರಶ್ನೆಗಳು ಇನ್ನೂ ಹಳೆಯ ಕಾಲದವು: “ಮೆಸ್ಕಾಂನವರು ಒಪ್ಪಿಗೆ ಕೊಡುತ್ತಾರೆಯೇ?”, “ಟಿ.ಸಿ.ಗೆ ಸಾಮರ್ಥ್ಯ ಇಲ್ಲ ಎಂದರೆ ಏನು ಮಾಡುವುದು?”, “ಯಾರನ್ನಾದರೂ ಕಂಡು ಹೇಳಿಸಬೇಕೇ?” ಇವೆಲ್ಲವೂ ಛಾವಣಿ ಸೌರ ವಿದ್ಯುತ್ತನ್ನು ಇಲಾಖೆ ದಯಪಾಲಿಸುವ ಸೌಲಭ್ಯವೆಂದು ಭಾವಿಸಿ ಕೇಳುವ ಪ್ರಶ್ನೆಗಳು. ಕಾನೂನಿನ ದೃಷ್ಟಿಯಲ್ಲಿ ಇದು ಗ್ರಾಹಕನ ಹಕ್ಕು. ಪ್ರತಿ ಹಂತಕ್ಕೂ ದಿನಗಳ ಲೆಕ್ಕವಿರುವ ಹಕ್ಕು. ಅರ್ಜಿಯ ದಿನಾಂಕವನ್ನು ದಾಖಲಿಸಿಕೊಳ್ಳದ ಗ್ರಾಹಕ ಆ ಹಕ್ಕಿನ ಬಹುಪಾಲನ್ನು ತಾನಾಗಿಯೇ ಕಳೆದುಕೊಳ್ಳುತ್ತಾನೆ. ಈ ಪಾಠದ ತಿರುಳು ಇದೇ.

2. ಹಕ್ಕಿನ ಮೂಲ

(ಅ) ವಿದ್ಯುಚ್ಛಕ್ತಿ ಕಾಯ್ದೆ, 2003

ಈ ಕಾಯ್ದೆಯ 9ನೇ ಪ್ರಕರಣದ ಪ್ರಕಾರ ಯಾವುದೇ ವ್ಯಕ್ತಿ ಮುಖ್ಯವಾಗಿ ತನ್ನ ಸ್ವಂತ ಬಳಕೆಗಾಗಿ ವಿದ್ಯುತ್ ಉತ್ಪಾದನಾ ಘಟಕವನ್ನು ಸ್ಥಾಪಿಸಿ ನಡೆಸಬಹುದು. ಉತ್ಪಾದನೆಗೆ ಪರವಾನಗಿಯ ಅಗತ್ಯವಿಲ್ಲ. ಕಾಯ್ದೆಯು ‘ವ್ಯಕ್ತಿ’ ಎಂಬ ಪದಕ್ಕೆ ವಿಶಾಲ ಅರ್ಥ ನೀಡಿದ್ದು, ಮನೆಯ ಯಜಮಾನರಷ್ಟೇ ಅಲ್ಲದೆ ಸಂಘ, ಸಂಸ್ಥೆ, ಕಂಪನಿಗಳೂ ಅದರಲ್ಲಿ ಸೇರುತ್ತವೆ. ನವೀಕರಿಸಬಹುದಾದ ಮೂಲಗಳಿಂದ ವಿದ್ಯುತ್ ಉತ್ಪಾದನೆಯನ್ನು ಉತ್ತೇಜಿಸುವುದು ಮತ್ತು ಅದು ವಿದ್ಯುತ್ ಜಾಲಕ್ಕೆ ಸೇರಲು ಸೂಕ್ತ ವ್ಯವಸ್ಥೆ ಮಾಡುವುದು ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕರ್ತವ್ಯವೆಂದು 86(1)(ಇ) ಪ್ರಕರಣ ಹೇಳುತ್ತದೆ.

(ಆ) ವಿದ್ಯುತ್ (ಗ್ರಾಹಕರ ಹಕ್ಕುಗಳು) ನಿಯಮಗಳು, 2020

ಕೇಂದ್ರ ಸರ್ಕಾರ 2020ರ ಡಿಸೆಂಬರ್ 31ರಂದು ಹೊರಡಿಸಿದ ಈ ನಿಯಮಗಳಲ್ಲಿ ‘ಉತ್ಪಾದಕ ಗ್ರಾಹಕ’ನನ್ನು ಕುರಿತು ಪ್ರತ್ಯೇಕ ನಿಯಮವೇ ಇದೆ. ಜಾಲದಿಂದ ವಿದ್ಯುತ್ ಪಡೆಯುವುದರ ಜೊತೆಗೆ ಜಾಲಕ್ಕೆ ವಿದ್ಯುತ್ ನೀಡುವವನೇ ಉತ್ಪಾದಕ ಗ್ರಾಹಕ. ಇಂತಹ ಗ್ರಾಹಕ ಛಾವಣಿ ಸೌರ ಘಟಕವೂ ಸೇರಿದಂತೆ ನವೀಕರಿಸಬಹುದಾದ ವಿದ್ಯುತ್ ಘಟಕವನ್ನು ಸ್ವತಃ ಅಥವಾ ಸೇವಾ ಸಂಸ್ಥೆಯ ಮೂಲಕ ಸ್ಥಾಪಿಸುವ ಹಕ್ಕು ಹೊಂದಿದ್ದಾನೆ. ಹಾಗೆ ಸ್ಥಾಪಿಸಿದ ಕಾರಣಕ್ಕೆ ಅವನ ಗ್ರಾಹಕ ಸ್ಥಾನಮಾನ ಬದಲಾಗುವುದಿಲ್ಲ. ಸಾಮಾನ್ಯ ಗ್ರಾಹಕನಿಗೆ ಇರುವ ಎಲ್ಲ ಹಕ್ಕುಗಳೂ ಅವನಿಗೂ ಇರುತ್ತವೆ.

ಈ ನಿಯಮಗಳಿಗೆ 2021ರ ಜೂನ್‌ನಲ್ಲಿಯೂ 2024ರ ಫೆಬ್ರವರಿಯಲ್ಲಿಯೂ ತಿದ್ದುಪಡಿಗಳಾಗಿವೆ. ಮೊದಲನೆಯದು ನೆಟ್ ಮೀಟರಿಂಗ್ ಮಿತಿಯನ್ನು 500 ಕಿಲೋವ್ಯಾಟ್ ಅಥವಾ ಮಂಜೂರಾದ ಲೋಡ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಲ್ಲಿಯವರೆಗೆ ವಿಸ್ತರಿಸಿತು. ಎರಡನೆಯದು ಕಾಲಮಿತಿಗಳನ್ನು ಮೊಟಕುಗೊಳಿಸಿತು.

(ಇ) ರಾಜ್ಯದ ವ್ಯವಸ್ಥೆ

ಕರ್ನಾಟಕದಲ್ಲಿ ಛಾವಣಿ ಸೌರ ಘಟಕಗಳ ವಿಧಿವಿಧಾನ, ಒಪ್ಪಂದದ ನಮೂನೆ ಹಾಗೂ ಹೆಚ್ಚುವರಿ ವಿದ್ಯುತ್ತಿನ ದರವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿರ್ಧರಿಸುತ್ತದೆ. ಉಡುಪಿ ಜಿಲ್ಲೆಯಲ್ಲಿ ಅದನ್ನು ಜಾರಿಗೊಳಿಸುವ ಸಂಸ್ಥೆ ಮೆಸ್ಕಾಂ.

3. ಎರಡು ಬಗೆಯ ಘಟಕಗಳು

ಸ್ವತಂತ್ರ ಘಟಕ: ಫಲಕ, ಬ್ಯಾಟರಿ ಮತ್ತು ದೀಪಗಳಿರುವ, ಜಾಲಕ್ಕೆ ಸೇರದ ಘಟಕವಿದು. ಕರಾವಳಿಯ ಹಳ್ಳಿಗಳಿಗೆ ಇದರ ಪರಿಚಯ ಹಳೆಯದು. ಕೋಟ ಸಮೀಪದ ಹಂದಟ್ಟು ಮೂಲದ ಹರೀಶ್ ಹಂದೆಯವರು 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಸ್ಥಾಪಿಸಿ ಬ್ಯಾಂಕ್ ಸಾಲದ ನೆರವಿನೊಂದಿಗೆ ಬಡ ಕುಟುಂಬಗಳಿಗೆ ಸೌರ ದೀಪ ತಲುಪಿಸಿದ ಕಾರ್ಯಕ್ಕೆ 2011ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಇಂತಹ ಘಟಕಕ್ಕೆ ಮೆಸ್ಕಾಂನೊಂದಿಗೆ ಒಪ್ಪಂದ ಬೇಕಿಲ್ಲ.

ಜಾಲಕ್ಕೆ ಸೇರಿದ ಘಟಕ: ಇಲ್ಲಿ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ಹಗಲಿನಲ್ಲಿ ಮನೆ ಬಳಸಿ ಉಳಿದ ವಿದ್ಯುತ್ ಜಾಲಕ್ಕೆ ಹೋಗುತ್ತದೆ, ರಾತ್ರಿ ಜಾಲದಿಂದ ಬರುತ್ತದೆ. ಈ ಪಾಠ ಮುಖ್ಯವಾಗಿ ಈ ಬಗೆಯ ಘಟಕವನ್ನು ಕುರಿತದ್ದು.

ಎರಡನೆಯ ಬಗೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಬಿಸಿಲಿದ್ದರೂ ಕರೆಂಟು ಹೋದಾಗ ಬ್ಯಾಟರಿಯಿಲ್ಲದ ಸೌರ ಘಟಕ ಕೆಲಸ ಮಾಡುವುದಿಲ್ಲ. ಇದು ದೋಷವಲ್ಲ, ಸುರಕ್ಷತೆಯ ವ್ಯವಸ್ಥೆ. ಲೈನ್ ಆಫ್ ಮಾಡಿ ಕಂಬದ ಮೇಲೆ ಕೆಲಸ ಮಾಡುವ ಪವರ್‌ಮ್ಯಾನ್‌ಗೆ ಯಾವುದೋ ಮನೆಯ ಛಾವಣಿಯಿಂದ ಹಿಮ್ಮುಖವಾಗಿ ವಿದ್ಯುತ್ ಹರಿದರೆ ಪ್ರಾಣಾಪಾಯ ಸಂಭವಿಸುತ್ತದೆ. ಆದುದರಿಂದ ಜಾಲದಲ್ಲಿ ವಿದ್ಯುತ್ ಇಲ್ಲವೆಂದು ತಿಳಿದ ಕೂಡಲೇ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಕಡಿತವಾಗುವ ಪ್ರದೇಶದವರು ಇದನ್ನು ಮೊದಲೇ ತಿಳಿದಿರಬೇಕು. ಬೇಕಿದ್ದವರು ಬ್ಯಾಟರಿ ಸಹಿತ ಮಿಶ್ರ ಘಟಕವನ್ನು ಆಯ್ದುಕೊಳ್ಳಬಹುದು. ಅದರ ವೆಚ್ಚ ಹೆಚ್ಚು.

4. ಕಾಲಮಿತಿಗಳು

ಸದಸ್ಯರು ನೆನಪಿಡಬೇಕಾದ ದಿನಗಳ ಲೆಕ್ಕ ಹೀಗಿದೆ.

• 10 ಕಿಲೋವ್ಯಾಟ್‌ವರೆಗಿನ ಘಟಕ: ಎಲ್ಲ ವಿವರಗಳೊಂದಿಗೆ ಪೂರ್ಣವಾದ ಅರ್ಜಿಯನ್ನು ತಾಂತ್ರಿಕ ಸಾಧ್ಯತಾ ಪರಿಶೀಲನೆಯಿಲ್ಲದೆಯೇ ಅಂಗೀಕೃತವೆಂದು ಭಾವಿಸತಕ್ಕದ್ದು. ಮಂಜೂರಾದ ಲೋಡ್ ಕಡಿಮೆಯಿದ್ದರೆ ಅದನ್ನು ಹೆಚ್ಚಿಸುವ ಕ್ರಮವನ್ನು ವಿತರಣಾ ಸಂಸ್ಥೆಯೇ ಕೈಗೊಳ್ಳಬೇಕು.
• 10 ಕಿಲೋವ್ಯಾಟ್ ಮೀರಿದ ಘಟಕ: ಸಾಧ್ಯತಾ ಪರಿಶೀಲನೆ 15 ದಿನಗಳೊಳಗೆ ಮುಗಿಯಬೇಕು. ಮುಗಿಯದಿದ್ದರೆ ಅರ್ಜಿ ಅಂಗೀಕೃತವಾದಂತೆಯೇ.
• 5 ಕಿಲೋವ್ಯಾಟ್‌ವರೆಗಿನ ಘಟಕಕ್ಕೆ ವಿತರಣಾ ವ್ಯವಸ್ಥೆಯನ್ನು ಬಲಪಡಿಸಬೇಕಾದರೆ ಆ ಕೆಲಸವನ್ನು ವಿತರಣಾ ಸಂಸ್ಥೆಯೇ ತನ್ನ ವೆಚ್ಚದಲ್ಲಿ ಮಾಡಬೇಕು.
• ಘಟಕ ಸ್ಥಾಪನೆ ಮುಗಿದು ಅನುಸ್ಥಾಪನಾ ಪ್ರಮಾಣಪತ್ರ ಸಲ್ಲಿಸಿದ 15 ದಿನಗಳೊಳಗೆ ಒಪ್ಪಂದ, ಮೀಟರ್ ಅಳವಡಿಕೆ ಮತ್ತು ಚಾಲನೆ ಪೂರ್ಣಗೊಳ್ಳಬೇಕು.
• ಸಕಾರಣವಿಲ್ಲದೆ ವಿತರಣಾ ಸಂಸ್ಥೆಯಿಂದ ವಿಳಂಬವಾದರೆ ಆಯೋಗ ನಿಗದಿಪಡಿಸುವ ದರದಲ್ಲಿ ಗ್ರಾಹಕನಿಗೆ ಪರಿಹಾರ ಸಲ್ಲಬೇಕು. ಆ ದರ ದಿನಕ್ಕೆ 500 ರೂಪಾಯಿಗಿಂತ ಕಡಿಮೆ ಇರುವಂತಿಲ್ಲ.

ಉದಾಹರಣೆಗೆ, ಒಂದು ಮನೆಯವರು 3 ಕಿಲೋವ್ಯಾಟ್ ಘಟಕದ ಪ್ರಮಾಣಪತ್ರವನ್ನು ತಿಂಗಳ 1ರಂದು ಸಲ್ಲಿಸಿದರೆಂದು ಭಾವಿಸೋಣ. 16ನೇ ತಾರೀಖಿನೊಳಗೆ ಘಟಕ ಚಾಲನೆಗೊಳ್ಳಬೇಕು. ಸಕಾರಣವಿಲ್ಲದೆ 26ಕ್ಕೆ ಚಾಲನೆಗೊಂಡರೆ 10 ದಿನಗಳ ವಿಳಂಬಕ್ಕೆ ಕನಿಷ್ಠ 5,000 ರೂಪಾಯಿ ಪರಿಹಾರ ಕೇಳುವ ಹಕ್ಕು ಅವರಿಗಿದೆ. ಆದರೆ ಪ್ರಮಾಣಪತ್ರವನ್ನು ಬಾಯಿಮಾತಿನ ಭರವಸೆಯ ಮೇಲೆ ಕೊಟ್ಟು ಬಂದಿದ್ದರೆ ಈ ಲೆಕ್ಕ ಎಲ್ಲಿಂದ ಆರಂಭವಾಗಬೇಕೆಂಬುದಕ್ಕೆ ಆಧಾರವೇ ಇರುವುದಿಲ್ಲ. ಆದುದರಿಂದ ಪ್ರತಿ ಹಂತದಲ್ಲೂ ದಿನಾಂಕ ಸಹಿತ ಸ್ವೀಕೃತಿ ಅಥವಾ ಪೋರ್ಟಲ್‌ನ ಅರ್ಜಿ ಸಂಖ್ಯೆಯನ್ನು ಪಡೆದಿರಿಸುವುದು ಅತ್ಯಗತ್ಯ.

5. ನೆಟ್ ಮೀಟರ್ ಲೆಕ್ಕ

ನೆಟ್ ಮೀಟರ್ ಎರಡು ಅಂಕಿಗಳನ್ನು ದಾಖಲಿಸುತ್ತದೆ: ಜಾಲದಿಂದ ಮನೆಗೆ ಬಂದದ್ದು ಮತ್ತು ಮನೆಯಿಂದ ಜಾಲಕ್ಕೆ ಹೋದದ್ದು. ಬಿಲ್ ಇವೆರಡರ ವ್ಯತ್ಯಾಸದ ಮೇಲೆ ನಿಲ್ಲುತ್ತದೆ. ಲೆಕ್ಕ ತಿಳಿಯಲು 3 ಕಿಲೋವ್ಯಾಟ್ ಘಟಕವಿರುವ ಒಂದು ಕಾಲ್ಪನಿಕ ಮನೆಯನ್ನು ತೆಗೆದುಕೊಳ್ಳಬಹುದು.

ಮಾರ್ಚ್: ಉತ್ಪಾದನೆ 390 ಯೂನಿಟ್. ಇದರಲ್ಲಿ ಹಗಲಿನ ಬಳಕೆ 120, ಜಾಲಕ್ಕೆ ಹೋದದ್ದು 270. ರಾತ್ರಿ ಮತ್ತು ಮೋಡದ ವೇಳೆಯಲ್ಲಿ ಜಾಲದಿಂದ ಬಂದದ್ದು 220. ಮನೆಯವರು 50 ಯೂನಿಟ್ ಹೆಚ್ಚು ನೀಡಿದ್ದಾರೆ. ಆಯೋಗದ ದರದಂತೆ ಅದರ ಮೊತ್ತ ಅವರಿಗೆ ಸಲ್ಲಬೇಕು.

ಜುಲೈ: ಉತ್ಪಾದನೆ 170 ಯೂನಿಟ್. ಹಗಲಿನ ಬಳಕೆ 80, ಜಾಲಕ್ಕೆ ಹೋದದ್ದು 90. ಜಾಲದಿಂದ ಬಂದದ್ದು 220. ವ್ಯತ್ಯಾಸವಾದ 130 ಯೂನಿಟ್‌ಗೆ ಮನೆಯವರು ಬಿಲ್ ಪಾವತಿಸಬೇಕು.

ಕರಾವಳಿಯಲ್ಲಿ ಬೇಸಿಗೆಯ ತಿಂಗಳಿನ ಅಂಕಿಯನ್ನು ತೋರಿಸಿ ವರ್ಷದ ಲಾಭ ಹೇಳುವ ಮಾರಾಟಗಾರರನ್ನು ಏಕೆ ನಂಬಬಾರದೆಂಬುದು ಈ ಎರಡು ತಿಂಗಳುಗಳಿಂದಲೇ ಸ್ಪಷ್ಟವಾಗುತ್ತದೆ. ಸಾಮಾನ್ಯವಾಗಿ 1 ಕಿಲೋವ್ಯಾಟ್ ಘಟಕ ದಿನಕ್ಕೆ ಸರಾಸರಿ 4 ಯೂನಿಟ್‌ನಷ್ಟು ಉತ್ಪಾದಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಬಹಳ ಇಳಿಯುತ್ತದೆ. ನಿಗದಿತ ಶುಲ್ಕ ಎಲ್ಲ ತಿಂಗಳೂ ಇದ್ದೇ ಇರುತ್ತದೆ. ಮಂಜೂರಾದ ಲೋಡ್ ಹೆಚ್ಚಿಸಿಕೊಂಡರೆ ನಿಗದಿತ ಶುಲ್ಕವೂ ಹೆಚ್ಚುತ್ತದೆ.

6. ಹಕ್ಕಿನ ಮಿತಿಗಳು

ಹಕ್ಕನ್ನು ತಿಳಿಸುವಾಗ ಅದರ ಎಲ್ಲೆಯನ್ನೂ ತಿಳಿಸುವುದು ಸದಸ್ಯರ ಹೊಣೆ.

• ಉತ್ಪಾದಿಸಲು ಪರವಾನಗಿ ಬೇಡವಾದರೂ ವಿತರಿಸಲು ಮತ್ತು ವ್ಯಾಪಾರ ಮಾಡಲು ಕಾಯ್ದೆಯ 12ನೇ ಪ್ರಕರಣದಂತೆ ಪರವಾನಗಿ ಬೇಕು. ತನ್ನ ಛಾವಣಿಯ ವಿದ್ಯುತ್ತನ್ನು ತಂತಿ ಎಳೆದು ನೆರೆಮನೆಗೆ ಹಣಕ್ಕೆ ಕೊಡುವುದು ಈ ಹಕ್ಕಿನಲ್ಲಿ ಸೇರಿಲ್ಲ.
• ಒಪ್ಪಂದವಿಲ್ಲದೆ, ನೆಟ್ ಮೀಟರ್ ಇಲ್ಲದೆ ಘಟಕವನ್ನು ಜಾಲಕ್ಕೆ ಜೋಡಿಸುವಂತಿಲ್ಲ.
• ಅರ್ಥಿಂಗ್, ಸಿಡಿಲು ನಿರೋಧಕ, ಸ್ವಿಚ್ ಮೊದಲಾದ ಸುರಕ್ಷತಾ ನಿಯಮಗಳ ಪಾಲನೆ ಗ್ರಾಹಕನ ಕರ್ತವ್ಯ.
• ಸಹಾಯಧನ ಬೇರೆ, ಹಕ್ಕು ಬೇರೆ. ಸಹಾಯಧನ ಯೋಜನೆ ಕೊನೆಗೊಂಡರೂ ಉತ್ಪಾದಿಸುವ ಹಕ್ಕು ಉಳಿಯುತ್ತದೆ.

7. ಪಿಎಂ ಸೂರ್ಯ ಘರ್ ಮತ್ತು ಗೃಹಜ್ಯೋತಿ

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆ 1 ಕೋಟಿ ಮನೆಗಳ ಗುರಿ ಹೊಂದಿದೆ. ಅದಕ್ಕೆ 75,021 ಕೋಟಿ ರೂಪಾಯಿ ಮೊತ್ತ ಮಂಜೂರಾಗಿದೆ. ಗೃಹ ಬಳಕೆಯ ಘಟಕಕ್ಕೆ ಮೊದಲ 2 ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟ್‌ಗೆ 30,000 ರೂಪಾಯಿ, ಮೂರನೆಯ ಕಿಲೋವ್ಯಾಟ್‌ಗೆ 18,000 ರೂಪಾಯಿ, ಒಟ್ಟು ಗರಿಷ್ಠ 78,000 ರೂಪಾಯಿ ಸಹಾಯಧನ ಇದೆ. ಅರ್ಜಿ ರಾಷ್ಟ್ರೀಯ ಪೋರ್ಟಲ್‌ನಲ್ಲಿಯೇ ಸಲ್ಲಬೇಕು. ದೇಶದಲ್ಲಿಯೇ ತಯಾರಾದ ಫಲಕಗಳನ್ನು ನೋಂದಾಯಿತ ಮಾರಾಟಗಾರರಿಂದ ಅಳವಡಿಸಿರಬೇಕು. ಘಟಕ ಚಾಲನೆಗೊಂಡು ಪರಿಶೀಲನೆಯಾದ ನಂತರ ಸಹಾಯಧನ ನೇರವಾಗಿ ಗ್ರಾಹಕನ ಬ್ಯಾಂಕ್ ಖಾತೆಗೆ ಬರುತ್ತದೆ. “ಸಹಾಯಧನ ಮಂಜೂರು ಮಾಡಿಸಿಕೊಡುತ್ತೇವೆ” ಎಂದು ಮುಂಗಡ ಹಣ ಅಥವಾ ಓಟಿಪಿ ಕೇಳುವವರ ಬಗ್ಗೆ ವಾರ್ಡ್ ಸಭೆಗಳಲ್ಲಿ ಎಚ್ಚರಿಕೆ ನೀಡಬೇಕು.

ಗೃಹಜ್ಯೋತಿ ಇರುವಾಗ ಸೌರ ಘಟಕ ಬೇಕೇ ಎಂಬ ಪ್ರಶ್ನೆಗೆ ಎಲ್ಲ ಮನೆಗೂ ಒಂದೇ ಉತ್ತರವಿಲ್ಲ. 2023ರ ಜುಲೈ ತಿಂಗಳ ಬಳಕೆಯಿಂದ ಅನ್ವಯವಾದ ಈ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಶೇ. 10 ಸೇರಿಸಿದ ಪ್ರಮಾಣ, ಗರಿಷ್ಠ 200 ಯೂನಿಟ್‌ವರೆಗೆ ಉಚಿತ. 200 ಯೂನಿಟ್ ಮೀರಿದ ತಿಂಗಳಿಗೆ ಪೂರ್ಣ ಬಿಲ್ ಪಾವತಿಸಬೇಕು. ತಿಂಗಳಿಗೆ 60–70 ಯೂನಿಟ್ ಬಳಸಿ ಶೂನ್ಯ ಬಿಲ್ ಪಡೆಯುತ್ತಿರುವ ವೃದ್ಧ ದಂಪತಿಗೆ ಸಾಲ ಮಾಡಿ ಘಟಕ ಹಾಕಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅವರನ್ನು ಅದಕ್ಕೆ ಒತ್ತಾಯಿಸಬಾರದು. ತಿಂಗಳಿಗೆ 300 ಯೂನಿಟ್ ಬಳಸುವ ಮನೆಯಲ್ಲಿ ಯೂನಿಟ್‌ಗೆ ಸುಮಾರು 6 ರೂಪಾಯಿ ಎಂದು ಹಿಡಿದರೂ ವಿದ್ಯುತ್ ಶುಲ್ಕವೇ ಸುಮಾರು 1,800 ರೂಪಾಯಿ ಆಗುತ್ತದೆ. ಅಂತಹ ಮನೆಗೆ ಘಟಕದ ಲೆಕ್ಕ ಕೂಡಿಬರುತ್ತದೆ. ಗೃಹಜ್ಯೋತಿಯ ಫಲಾನುಭವಿಗಳು ಅರ್ಜಿ ಸಲ್ಲಿಸುವ ಮುನ್ನ ತಮ್ಮ ಆರ್.ಆರ್. ಸಂಖ್ಯೆ ನಮೂದಿಸಿ, ಘಟಕ ಹಾಕಿದ ಮೇಲೆ ಬಿಲ್ ಹೇಗೆ ಬರುತ್ತದೆಂದು ಮೆಸ್ಕಾಂ ಕಚೇರಿಯಿಂದ ಲಿಖಿತ ಉತ್ತರ ಪಡೆಯುವುದು ಕ್ಷೇಮ.

8. ಕರಾವಳಿಯಲ್ಲಿ ಗಮನಿಸಬೇಕಾದ ತಾಂತ್ರಿಕ ಅಂಶಗಳು

• ಸಾಸ್ತಾನದ ಪಶ್ಚಿಮಕ್ಕೆ ಸಮುದ್ರ ಹತ್ತಿರವಿದೆ. ಉಪ್ಪು ಗಾಳಿಗೆ ಸಾಧಾರಣ ಕಬ್ಬಿಣದ ಚೌಕಟ್ಟು ಬೇಗ ತುಕ್ಕು ಹಿಡಿಯುತ್ತದೆ. ಬಿಸಿ ಸತುವಿನ ಲೇಪನದ ಅಥವಾ ಅಲ್ಯೂಮಿನಿಯಂ ಚೌಕಟ್ಟು ಮತ್ತು ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್‌ಗಳನ್ನು ಒಪ್ಪಂದದಲ್ಲಿಯೇ ಬರೆಯಿಸಿಕೊಳ್ಳಬೇಕು.
• 1 ಕಿಲೋವ್ಯಾಟ್‌ಗೆ ನೆರಳಿಲ್ಲದ ಸುಮಾರು 100 ಚದರಡಿ ಜಾಗ ಬೇಕು. ಒಂದು ತೆಂಗಿನ ಗರಿಯ ನೆರಳು ಒಂದು ಫಲಕದ ಮೇಲೆ ಬಿದ್ದರೂ ಅದರೊಂದಿಗೆ ಸರಣಿಯಲ್ಲಿರುವ ಇತರ ಫಲಕಗಳ ಉತ್ಪಾದನೆಯೂ ಇಳಿಯಬಹುದು.
• ಹಂಚಿನ ಮನೆಯಲ್ಲಿ ಪಕ್ಕಾಸು, ರೀಪುಗಳು ಫಲಕದ ಭಾರ ಮತ್ತು ಗಾಳಿಯ ಸೆಳೆತವನ್ನು ತಾಳುವವೇ ಎಂದು ಪರೀಕ್ಷಿಸದೆ ಕೆಲಸ ಆರಂಭಿಸಬಾರದು.
• ಫಲಕಗಳು ದಕ್ಷಿಣಕ್ಕೆ ಮುಖ ಮಾಡಿ ಅಲ್ಪ ಇಳಿಜಾರಿನಲ್ಲಿರಬೇಕು. ಹೆದ್ದಾರಿ ಬದಿಯ ಮನೆಗಳಲ್ಲಿ ಬೇಸಿಗೆಯಲ್ಲಿ ಧೂಳು ತೊಳೆಯುವ ಕ್ರಮ ಇರಬೇಕು.

9. ದೂರು ಮತ್ತು ಪರಿಹಾರದ ಕ್ರಮ

ವಿತರಣಾ ಸಂಸ್ಥೆಯ ವಿಳಂಬ ಅಥವಾ ನಿರಾಕರಣೆಯ ವಿರುದ್ಧ ಮೊದಲು ಶಾಖಾ ಅಥವಾ ಉಪವಿಭಾಗ ಕಚೇರಿಗೆ ಲಿಖಿತ ದೂರು ನೀಡಬೇಕು. ಸಹಾಯವಾಣಿ 1912ರಲ್ಲಿಯೂ ದೂರು ದಾಖಲಿಸಬಹುದು. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಬೇಕು. ಅಲ್ಲಿ ಪರಿಹಾರ ದೊರೆಯದಿದ್ದರೆ ಕಾಯ್ದೆಯ 42(5)ನೇ ಪ್ರಕರಣದಡಿ ರಚಿತವಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ, ಅನಂತರ 42(6)ನೇ ಪ್ರಕರಣದಂತೆ ವಿದ್ಯುತ್ ಓಂಬುಡ್ಸ್‌ಮನ್‌ಗೆ ಅರ್ಜಿ ಸಲ್ಲಿಸಬಹುದು. ವೇದಿಕೆಯಲ್ಲಿ ಗ್ರಾಹಕರ ಹಾಗೂ ಉತ್ಪಾದಕ ಗ್ರಾಹಕರ ಪ್ರತಿನಿಧಿಗಳೂ ಇರಬೇಕೆಂದು 2020ರ ನಿಯಮಗಳು ಹೇಳುತ್ತವೆ.

ಫಲಕ ಮಾರಿದವರ ಅಥವಾ ಅಳವಡಿಸಿದವರ ಲೋಪವಾದರೆ ದಾರಿ ಬೇರೆ. ಅದಕ್ಕೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗವನ್ನು ಸಂಪರ್ಕಿಸಬಹುದು. ರಸೀದಿ, ಖಾತರಿ ಪತ್ರ ಮತ್ತು ನಿರ್ವಹಣಾ ಒಪ್ಪಂದಗಳನ್ನು ಜೋಪಾನವಾಗಿ ಇರಿಸಿಕೊಂಡಿರಬೇಕು.

10. ಗ್ರಾಮ ಪಂಚಾಯತ್‌ನ ಪಾತ್ರ

ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತ್‌ಗಳಿಗೆ ವಹಿಸಬಹುದಾದ ವಿಷಯಗಳ ಪೈಕಿ 14ನೆಯದು ವಿದ್ಯುತ್ ವಿತರಣೆಯೂ ಸೇರಿದ ಗ್ರಾಮೀಣ ವಿದ್ಯುದೀಕರಣ, 15ನೆಯದು ಅಸಾಂಪ್ರದಾಯಿಕ ಇಂಧನ ಮೂಲಗಳು. ಆದುದರಿಂದ ಈ ಕಾರ್ಯ ಪಂಚಾಯತ್‌ನ ವ್ಯಾಪ್ತಿಗೆ ಹೊರಗಿನದಲ್ಲ.

ಮೊದಲನೆಯದಾಗಿ, ಪಂಚಾಯತ್ ಸ್ವತಃ ಒಬ್ಬ ಗ್ರಾಹಕ. ಕಚೇರಿ, ಗ್ರಂಥಾಲಯ, ಪಂಪ್‌ಹೌಸ್‌ಗಳ ಬಿಲ್ ಅದೇ ಪಾವತಿಸುತ್ತದೆ. ಉತ್ಪಾದಿಸುವ ಹಕ್ಕು ಅದಕ್ಕೂ ಇದೆ. ಕುಡಿಯುವ ನೀರಿನ ಪಂಪನ್ನು ಹಗಲಿನಲ್ಲಿ ನಡೆಸಲು ಸಾಧ್ಯವಿರುವಲ್ಲಿ ಸೌರ ವಿದ್ಯುತ್ ನೇರವಾಗಿ ಬಳಕೆಯಾಗುತ್ತದೆ. ಬೀದಿದೀಪ ರಾತ್ರಿಯ ಹೊರೆಯಾದುದರಿಂದ ಅದರ ಲೆಕ್ಕ ಭಿನ್ನ. ಯಾವ ಆರ್.ಆರ್. ಸಂಖ್ಯೆಗೆ ಘಟಕ ಸೂಕ್ತವೆಂಬುದನ್ನು 12 ತಿಂಗಳ ಬಿಲ್‌ಗಳನ್ನು ಮುಂದಿಟ್ಟುಕೊಂಡೇ ನಿರ್ಧರಿಸಬೇಕು.

ಎರಡನೆಯದಾಗಿ, ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ತನ್ನ ವ್ಯಾಪ್ತಿಯ ಪ್ರತಿ ಛಾವಣಿ ಘಟಕಕ್ಕೆ ಸ್ಥಳೀಯ ಸಂಸ್ಥೆಗೆ 1,000 ರೂಪಾಯಿ ಪ್ರೋತ್ಸಾಹಧನದ ಅವಕಾಶವಿದೆ. ಪ್ರತಿ ಜಿಲ್ಲೆಯಲ್ಲಿ ಒಂದು ಮಾದರಿ ಸೌರ ಗ್ರಾಮಕ್ಕೆ 1 ಕೋಟಿ ರೂಪಾಯಿ ನೆರವಿದ್ದು, 5,000ಕ್ಕಿಂತ ಹೆಚ್ಚು ಜನಸಂಖ್ಯೆಯ ಗ್ರಾಮಗಳು ಅದಕ್ಕೆ ಸ್ಪರ್ಧಿಸಬಹುದು.

ಮೂರನೆಯದಾಗಿ, ಕಾನೂನಿನ ಆಧಾರವಿಲ್ಲದ ಯಾವುದೇ ಶುಲ್ಕ ಅಥವಾ ಅನುಮತಿಯ ಷರತ್ತನ್ನು ಪಂಚಾಯತ್ ಮಟ್ಟದಲ್ಲಿ ವಿಧಿಸಬಾರದು. ಮೆಸ್ಕಾಂನ ವಿಳಂಬವನ್ನು ಪ್ರಶ್ನಿಸುವ ಪಂಚಾಯತ್ ತಾನೇ ವಿಳಂಬಕ್ಕೆ ಕಾರಣವಾದರೆ ಅದರ ಮಾತಿಗೆ ಬೆಲೆ ಇರುವುದಿಲ್ಲ.

11. ಸಾಮಾನ್ಯ ಸಭೆಯಲ್ಲಿ ಮಂಡಿಸಬಹುದಾದ ನಿರ್ಣಯದ ಮಾದರಿ

“ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿ ಛಾವಣಿ ಸೌರ ಘಟಕಕ್ಕೆ ಅರ್ಜಿ ಸಲ್ಲಿಸುವ ಗ್ರಾಹಕರಿಗೆ ಕಚೇರಿಯಲ್ಲಿ ಸಹಾಯ ಕೇಂದ್ರ ತೆರೆಯುವುದು, ಅರ್ಜಿ, ಅನುಸ್ಥಾಪನಾ ಪ್ರಮಾಣಪತ್ರ ಮತ್ತು ಮೀಟರ್ ಅಳವಡಿಕೆಯ ದಿನಾಂಕಗಳನ್ನು ಗ್ರಾಹಕರ ಒಪ್ಪಿಗೆಯೊಂದಿಗೆ ಒಂದು ವಹಿಯಲ್ಲಿ ದಾಖಲಿಸುವುದು, ಕಾಲಮಿತಿ ಮೀರಿದ ಪ್ರಕರಣಗಳ ಪಟ್ಟಿಯನ್ನು ಪ್ರತಿ ತಿಂಗಳು ಮೆಸ್ಕಾಂ ಉಪವಿಭಾಗ ಕಚೇರಿಗೆ ಕಳುಹಿಸುವುದು, ಪಂಚಾಯತ್ ಕಟ್ಟಡಗಳ 12 ತಿಂಗಳ ವಿದ್ಯುತ್ ಬಳಕೆಯ ವಿವರವನ್ನು ಮುಂದಿನ ಸಭೆಗೆ ಮಂಡಿಸುವುದು ಎಂದು ನಿರ್ಣಯಿಸಲಾಯಿತು.”

12. ಚರ್ಚೆಗೆ ಪ್ರಶ್ನೆಗಳು

1. 4 ಕಿಲೋವ್ಯಾಟ್ ಘಟಕಕ್ಕೆ ಅರ್ಜಿ ಸಲ್ಲಿಸಿದ ಗ್ರಾಹಕನಿಗೆ “ಟಿ.ಸಿ. ಸಾಮರ್ಥ್ಯ ಸಾಲದು, ಬದಲಿಸುವ ವೆಚ್ಚ ನೀವೇ ಭರಿಸಿ” ಎಂಬ ಉತ್ತರ ಬಂದರೆ ಸದಸ್ಯರು ಯಾವ ನಿಯಮವನ್ನು ತೋರಿಸಬೇಕು?
2. ಮುಂಬಯಿಯಲ್ಲಿ ನೆಲೆಸಿದ ಮಗ ಊರಿನ ಮನೆಗೆ 5 ಕಿಲೋವ್ಯಾಟ್ ಘಟಕ ಹಾಕಿಸಲು ಬಯಸುತ್ತಾನೆ. ಮನೆಯಲ್ಲಿ ತಾಯಿ ಒಬ್ಬರೇ ಇದ್ದು ಬಳಕೆ 70 ಯೂನಿಟ್. ಅವರಿಗೆ ಯಾವ ಲೆಕ್ಕವನ್ನು ವಿವರಿಸಬೇಕು?
3. ತಮ್ಮ ಪಂಚಾಯತ್‌ನ ಆರ್.ಆರ್. ಸಂಖ್ಯೆಗಳ ಪೈಕಿ ಹಗಲಿನ ಬಳಕೆ ಹೆಚ್ಚಿರುವುದು ಯಾವುದರಲ್ಲಿ? ಆ ಕಟ್ಟಡದ ಛಾವಣಿಗೆ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ನೆರಳು ಬೀಳುತ್ತದೆಯೇ? ಸದಸ್ಯರು ಸ್ಥಳಕ್ಕೆ ಹೋಗಿ ನೋಡಿ ಬರೆದು ತರತಕ್ಕದ್ದು.